ತಪ್ಪು ಮಾಡದವರ ಕ್ಷಮಾಪಣೆ

ಮೊನ್ನೆ ಬೆಳಗ್ಗೆ ಚಾಮರಾಜಪೇಟೆಯಿಂದ ಗಾಂಧಿಬಜಾರಿನ ಕಡೆ ಹೊರಟಿದ್ದ ಸಿಟಿ ಬಸ್ಸಿನಲ್ಲಿ ನಾನಿದ್ದೆ. ಮುಂದುಗಡೆ ಹೆಂಗಸರ ಸೀಟಿನಲ್ಲಿ ನನ್ನಾಕೆ ವಿಶಾಲು ಇದ್ದಳು. ನಮ್ಮಿಬ್ಬರ ನಡುವೆ ಅವರೆಕಾಯಿ ಚೀಲ ಹಿಡಿದ ಸ್ಥೂಲಕಾಯದ ಮಹನೀಯರೊಬ್ಬರು ನಿಂತಿದ್ದರು. ತಿರುವಿನಲ್ಲಿ ಬಸ್ಸು ವಾಲಿದ್ದೇ ತಡ, ಆ ಮಹನೀಯರು ತಮ್ಮ ದೇಹಭಾರಕ್ಕೆ ಅವರೆಕಾಯಿಯ ಭಾರವನ್ನೂ ಕೂಡಿಸಿ ಸಮಸ್ತವನ್ನೂ ನನ್ನ ಎಡಗಾಲಿನ ಹೆಬ್ಬೆರಳಿನ ಮೇಲೆ ಪ್ರತಿಷ್ಠಾಪಿಸಿದರು. ನನ್ನ ಕಣ್ಣಿಗೆ ನೀರು ಬಂತು. ಬಾಯಿಗೆ ಬಂದದ್ದು ಮಾತ್ರ "ಕ್ಷಮಿಸಿ ಸಾರ್" ಎಂಬ ಮಾತು. ಅವರು ನನ್ನನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿ, "ಪರ್ವಾಗಿಲ್ಲ ಬಿಡಿ, ಇನ್ಮೇಲೆ ನೋಡ್ಕೊಂಡ್ ನಿಂತ್ಕೊಳಿ" ಎಂದು ಔದಾರ್ಯದಿಂದ ಮನ್ನಿಸಿದರು. ವಿಶಾಲು ಸೆರಗು ಬಾಯಿಗಿಟ್ಟುಕೊಂಡು ನಕ್ಕ ನಗೆ ನಾವು ಇಳಿಯುವವರೆಗೂ ನಿಲ್ಲಲಿಲ್ಲ.

ತುಳಿಸಿಕೊಂಡವನೇ ಕ್ಷಮೆ ಕೇಳುವ ಈ ವಿಪರೀತ ವಿದ್ಯೆ ನನಗೆ ಹುಟ್ಟಿನಿಂದ ಬಂದದ್ದಲ್ಲ. ಇದನ್ನು ನಾನು ಎಪ್ಪತ್ತರ ದಶಕದಲ್ಲಿ, ಬಸವನಗುಡಿಯ ಒಂದು ಅಡ್ಡರಸ್ತೆಯ ಹೆಂಚಿನ ಮನೆಯಲ್ಲಿ, ಶ್ರೀಕಂಠಯ್ಯ ಮತ್ತು ಕಾಮಾಕ್ಷಮ್ಮ ಎಂಬ ದಂಪತಿಗಳ ಪದತಲದಲ್ಲಿ ಕುಳಿತು ಕಲಿತೆ. ಪದತಲ ಎಂಬುದು ಅಲಂಕಾರದ ಮಾತಲ್ಲ. ಆ ಮನೆಯ ನಡುಮನೆಯಲ್ಲಿ ಶನಿವಾರ ಸಂಜೆ ಜನ ಹೇಗೆ ತುಂಬುತ್ತಿದ್ದರೆಂದರೆ ಅದೇ ಕಾಂಪೌಂಡಿನ ಹಿಂದುಗಡೆಯ ಸಣ್ಣ ಮನೆಯ ಬಾಡಿಗೆದಾರನಾದ ನನಗೆ, ಎಲ್ಲರಿಗಿಂತ ಹತ್ತಿರದಲ್ಲಿದ್ದೂ ಎಲ್ಲರಿಗಿಂತ ತಡವಾಗಿ ಬರುವ ಸಹಜಗುಣದಿಂದಾಗಿ, ಗುರುಗಳ ಕಾಲಿನ ಬಳಿ ಬಿಟ್ಟು ಬೇರೆಲ್ಲೂ ಜಾಗ ಸಿಗುತ್ತಿರಲಿಲ್ಲ.

ಶ್ರೀಕಂಠಯ್ಯನವರು ಶಾಲೆಯೊಂದರಲ್ಲಿ ಸಂಸ್ಕೃತ ಕಲಿಸಿ ನಿವೃತ್ತರಾದವರು. ಕಾಮಾಕ್ಷಮ್ಮನವರು ಶಾಲೆಯ ಮೆಟ್ಟಿಲು ಹೆಚ್ಚು ಹತ್ತದಿದ್ದರೂ, ತಂದೆ ಪಾಠ ಹೇಳುವಾಗ ಬಾಗಿಲ ಪಕ್ಕ ಬತ್ತಿ ಹೊಸೆಯುತ್ತ ಕೂತು ಕಿವಿಯಿಂದಲೇ ಕಲಿತವರು. ಇಬ್ಬರೂ ಒಂದೇ ಉದ್ದನೆಯ ಮಣೆಯ ಮೇಲೆ ಕೂರುತ್ತಿದ್ದರು. ಒಬ್ಬರು ಬರದೆ ಇನ್ನೊಬ್ಬರು ಮಾತು ಆರಂಭಿಸುತ್ತಿರಲಿಲ್ಲವಾದ್ದರಿಂದ, ನಮ್ಮ ಸತ್ಸಂಗದ ಮುಹೂರ್ತವನ್ನು ಪಂಚಾಂಗ ನಿಶ್ಚಯಿಸುತ್ತಿರಲಿಲ್ಲ. ಕಾಮಾಕ್ಷಮ್ಮನವರ ಒಲೆಯ ಮೇಲಿನ ಬೇಳೆ ನಿಶ್ಚಯಿಸುತ್ತಿತ್ತು. ಮನೆಗೆಲ್ಲ ಒಂದೇ ಕನ್ನಡಕ. ಎರಡು ಜೋಡಿ ಕಣ್ಣಿಗೂ ಅದು ಹೇಗೋ ಒಗ್ಗಿಹೋಗಿತ್ತು. ಅವರು ಓದುವಾಗ ಈಕೆ ಕೇಳುವರು, ಈಕೆ ಓದುವಾಗ ಅವರು ಕೇಳುವರು. ಇಬ್ಬರೂ ಒಟ್ಟಿಗೆ ಓದಬೇಕಾದ ಸಂದರ್ಭ ದಾಂಪತ್ಯದಲ್ಲಿ ಬರುವುದೇ ಇಲ್ಲವೆಂದು ಅವರ ಸಿದ್ಧಾಂತ.

ಯಾರಾದರೂ ಪ್ರಶ್ನೆ ಕೇಳಿದರೆ ಮೊದಲು ಶ್ರೀಕಂಠಯ್ಯನವರ ಉತ್ತರ, ಬಳಿಕ ಕಾಮಾಕ್ಷಮ್ಮನವರದು. ಮೊದಲನೆಯದು ಗಂಗೆಯಂತೆ ಹಿಮಾಲಯದಲ್ಲಿ ಹುಟ್ಟಿ ಹಲವು ಕ್ಷೇತ್ರಗಳನ್ನು ಸುತ್ತಿ ಬರುತ್ತಿತ್ತು. ಎರಡನೆಯದು ಹಿತ್ತಲಿನ ಬಾವಿಯ ನೀರು, ಬಗ್ಗಿದರೆ ಸಿಗುತ್ತಿತ್ತು. ಒಮ್ಮೆ ನಿವೃತ್ತ ಹೆಡ್‌ಮಾಸ್ಟರರೊಬ್ಬರು, ದೇವರಲ್ಲಿ ಮನಸ್ಸೇ ನಿಲ್ಲುವುದಿಲ್ಲವಲ್ಲ ಎಂದು ವ್ಯಥೆಪಟ್ಟರು. ಶ್ರೀಕಂಠಯ್ಯನವರು ಅಭ್ಯಾಸ, ವೈರಾಗ್ಯ, ಇಂದ್ರಿಯನಿಗ್ರಹ ಎಂದು ಒಂದೊಂದಾಗಿ ಬಿಡಿಸಿ ಹೇಳಿದರು. ಕಾಮಾಕ್ಷಮ್ಮನವರು, "ಒಲೆ ಮೇಲೆ ಹಾಲಿಟ್ಟಾಗ ನಿಲ್ಲುತ್ತಲ್ಲ ಮೇಷ್ಟ್ರೆ, ಅಷ್ಟು ನಿಂತ್ರೆ ಸಾಕು" ಎಂದರು. ಹೆಡ್‌ಮಾಸ್ಟರರು ಜನ್ಮದಲ್ಲಿ ಒಲೆಯ ಮೇಲೆ ಹಾಲಿಟ್ಟವರಲ್ಲ. ಆದರೂ ಮಾರನೆಯ ದಿನದಿಂದ ಸಾಧನೆಗೆಂದು ಅಡುಗೆಮನೆ ಹೊಕ್ಕರು. ಅವರ ಮನೆಯವರು ಅದರಿಂದ ಎಷ್ಟು ಸುಖಪಟ್ಟರೆಂದರೆ ಕಾಮಾಕ್ಷಮ್ಮನವರಿಗೆ ಒಂದು ಬುಟ್ಟಿ ಬಟರ್‌ಫ್ರೂಟ್ ತಂದುಕೊಟ್ಟರು. ಇನ್ನೊಮ್ಮೆ ಕೋಪದ ಪ್ರಶ್ನೆ ಬಂತು. "ಕೋಪ ಬಂದಾಗ ಎದುರಿಗಿರೋರ್ಗೆ ಊಟ ಆಯ್ತಾ ಅಂತ ಕೇಳಿ. ಆಗಿಲ್ಲ ಅಂದ್ರೆ ಮೊದ್ಲು ಬಡ್ಸಿ. ಜಗಳ ಎಲ್ಲಿಗೋಗುತ್ತೆ, ಆಮೇಲೂ ಸಿಗುತ್ತೆ" ಎಂದಿದ್ದರು.

ಇಂಥ ಬಿಡಿ ಉಪದೇಶಗಳ ನಡುವೆ ಆ ಮನೆಗೆ ಎರಡು ಮುಖ್ಯ ನಿಯಮಗಳಿದ್ದವು. ನಮ್ಮ ಕಡೆ ಹೊಸ ಮನೆಯ ಪ್ರವೇಶವೋ ಸತ್ಯನಾರಾಯಣ ಪೂಜೆಯೋ ಆದಾಗ ಈ ದಂಪತಿಗಳನ್ನು ಕರೆಯುವುದು ವಾಡಿಕೆ. ಪುರೋಹಿತರು ಪೂಜೆಗೆ ಮುಂಚೆ ಸಂಕಲ್ಪ ಹೇಳಿಸಲು ಹೊರಟಾಗ ಕಾಮಾಕ್ಷಮ್ಮನವರು ಕೈಯೆತ್ತಿ ತಡೆದು, ಪೂಜೆಗೆ ಕೂತ ಗಂಡಹೆಂಡಿರನ್ನು "ನಿಮ್ಮಿಬ್ರಲ್ಲಿ ಏನಾದ್ರೂ ಬಾಕಿ ಇದ್ಯಾ?" ಎಂದು ಕೇಳುತ್ತಿದ್ದರು. ಮನಸ್ಸಿನಲ್ಲಿ ಏನನ್ನಾದರೂ ಉಳಿಸಿಕೊಂಡು ಇಬ್ಬರೂ ಒಟ್ಟಾಗಿ 'ನಾವು ಮಾಡುತ್ತೇವೆ' ಎಂದು ಸಂಕಲ್ಪಿಸಿದರೆ ಅದು ದೇವರೆದುರಿಗೆ ಹೇಳಿದ ಸುಳ್ಳಾಗುತ್ತದೆಂದು ಅವರ ನಂಬಿಕೆ. ಬಾಕಿಯಿದ್ದರೆ ದಂಪತಿಗಳು ಒಳಗೆ ಹೋಗಿ ತೀರಿಸಿಕೊಂಡು ಬರಬೇಕು. ಬಸವನಗುಡಿಯಲ್ಲಿ ಎಷ್ಟು ಸತ್ಯನಾರಾಯಣಸ್ವಾಮಿಗಳು ಮಂಟಪದಲ್ಲಿ ಕಲಶರೂಪಿಗಳಾಗಿ ಕೂತು, ಅಡುಗೆಮನೆಯಿಂದ ಬರುವ "ನಿಮ್ಮಮ್ಮ ಅವತ್ತು ಏನಂದ್ರು ಗೊತ್ತಾ?" ಎಂಬ ಉಪಕಥೆಗಳನ್ನು ಕೇಳಿದ್ದಾರೋ ಲೆಕ್ಕವಿಲ್ಲ.

ಎರಡನೆಯ ನಿಯಮವೇ ನನ್ನ ಹೆಬ್ಬೆರಳಿನ ಕಥೆಯ ಮೂಲ. ಜಗಳವಾದಾಗ ತಪ್ಪು ಯಾರದಲ್ಲವೋ ಅವರೇ ಮೊದಲು ಕ್ಷಮೆ ಕೇಳಬೇಕು. ತಪ್ಪು ಮಾಡಿದವನ ಮೇಲೆ ನಾಚಿಕೆಯ ಮೂಟೆ ಮೊದಲೇ ಇರುತ್ತದೆ, ಅವನಿಗೆ ಏಳಲು ಆಗುವುದಿಲ್ಲ. ಹಗುರವಾಗಿರುವವನು ಎದ್ದು ಹೋಗಬೇಕು ಎಂಬುದು ಅದರ ತಾತ್ಪರ್ಯ. ಕೇಳಿದಾಗ ನಮ್ಮ ಕಣ್ಣುಗಳೆಲ್ಲ ಒದ್ದೆಯಾದವು. ಆಚರಿಸಲು ಹೊರಟಾಗ ಗೊತ್ತಾಯಿತು, ಇದು ಅಮೃತವೂ ಹೌದು ಅಸ್ತ್ರವೂ ಹೌದು ಎಂದು. ತಪ್ಪಿಲ್ಲದವನು ತಾನೆ ಮೊದಲು ಕ್ಷಮೆ ಕೇಳಬೇಕು? ಹಾಗಾದರೆ ಮೊದಲು ಕೇಳಿದವನು ತಪ್ಪಿಲ್ಲದವನೆಂದಾಯಿತು! ನಮ್ಮ ಬೀದಿಯಲ್ಲಿ ಗಂಡಹೆಂಡಿರು ನಾನು ಮುಂದು ತಾನು ಮುಂದು ಎಂದು ಕ್ಷಮೆ ಕೇಳಲು ನುಗ್ಗತೊಡಗಿದರು. ಮದುವೆಯಾದ ಹೊಸತರಲ್ಲಿ ನಾನು ಒಂದು ಸಂಜೆ, ಯಾವುದೋ ಚಕಮಕಿಯ ಬಳಿಕ, ಗಂಭೀರವಾಗಿ ಕೈಮುಗಿದು "ಕ್ಷಮಿಸು ವಿಶಾಲು" ಎಂದೆ.

"ಏನಂದ್ರಿ? ಇನ್ನೊಂದ್ಸಲ ಹೇಳಿ."

"ಕ್ಷಮಿಸು ಅಂದೆ."

"ನೀವ್ಯಾರ್ರೀ ನನ್ ಕ್ಷಮೆ ಕೇಳೋಕೆ? ಇವತ್ತು ಕೇಳೋಳು ನಾನು! ವಾಪಸ್ ತಗೊಳಿ."

ವಾಪಸು ತೆಗೆದುಕೊಂಡೆ. ಆಮೇಲೆ ಅವಳು ಕೇಳಿದಳು. ಹೀಗೆ ನಮ್ಮ ದಾಂಪತ್ಯದ ಮೊದಲ ವರ್ಷಗಳಲ್ಲಿ ನಾವು ಜಗಳವಾಡಿದ್ದಕ್ಕಿಂತ ಕ್ಷಮೆಗಾಗಿ ಜಗಳವಾಡಿದ್ದೇ ಹೆಚ್ಚು. ಮಾವಳ್ಳಿಯಲ್ಲಿದ್ದ ನನ್ನ ಸೋದರತ್ತೆ ಪದ್ಮತ್ತೆಗೆ ಇದೆಲ್ಲ ನೋಡಿ ನಗುವೋ ನಗು. ಆಕೆ ಶನಿವಾರಗಳಂದು ಪ್ರವಚನಕ್ಕಿಂತ ಹೆಚ್ಚಾಗಿ ಪ್ರಸಾದದ ಕೋಸಂಬರಿಗಾಗಿ ಬರುತ್ತಿದ್ದವಳು. "ತಪ್ಪಿಲ್ದೋರು ತಪ್ಪಾಯ್ತು ಅನ್ನೋದಂತೆ, ತಪ್ಪು ಮಾಡ್ದೋರು ಬಾಯಿ ಮುಚ್ಕೊಂಡ್ ಕೂರೋದಂತೆ. ಇದ್ಯಾವ್ ಸೀಮೆ ವೇದಾಂತನೋ! ಒಂದಿನ ನಿಮ್ ಗುರುಗಳೇ ಸಿಕ್ಕಾಕ್ಕೋತಾರೆ ನೋಡ್ತಿರು" ಎನ್ನುತ್ತಿದ್ದಳು. ಪದ್ಮತ್ತೆಯ ಬಾಯಲ್ಲಿ ಮಚ್ಚೆಯಿತ್ತೆಂದು ನಮ್ಮಪ್ಪ ಹೇಳುತ್ತಿದ್ದುದುಂಟು.

ಗುರುಗಳು ಸಿಕ್ಕಿಹಾಕಿಕೊಂಡದ್ದು ಶ್ರೀಕಂಠಯ್ಯನವರಿಗೆ ಅರವತ್ತು ತುಂಬುವ ವರ್ಷ. ಅರವತ್ತಕ್ಕೆ ಗಂಡ ಹೆಂಡತಿಗೆ ಮತ್ತೊಮ್ಮೆ ತಾಳಿ ಕಟ್ಟುವ ಷಷ್ಟ್ಯಬ್ದಿಯ ಸಮಾರಂಭವನ್ನು ಶಿಷ್ಯವೃಂದವೇ ನಿಂತು ಮಾಡುವುದೆಂದು ತೀರ್ಮಾನವಾಯಿತು. ಮನೆ ಮುಂದೆ ಚಪ್ಪರ, ಬಾಳೆಕಂಬ, ವಾಲಗ ಎಲ್ಲದರ ಏರ್ಪಾಡೂ ಉತ್ಸಾಹದಿಂದ ನಡೆದಿರಲು, ಕಾಮಾಕ್ಷಮ್ಮನವರ ಮನಸ್ಸಿನಲ್ಲಿ ಮಾತ್ರ ಮಲ್ಲೇಶ್ವರವಿತ್ತು.

ಮಲ್ಲೇಶ್ವರದಲ್ಲಿದ್ದವರು ಶ್ರೀಕಂಠಯ್ಯನವರ ಅಣ್ಣ ನಂಜುಂಡಯ್ಯ. ತಂದೆ ಬೇಗ ತೀರಿಕೊಂಡಿದ್ದರಿಂದ ತಮ್ಮನನ್ನು ಓದಿಸಿ ಮನುಷ್ಯನನ್ನಾಗಿ ಮಾಡಿದವರು ಅವರೇ. ದಂಪತಿಗಳು ಮೊದಲು ಆ ಮನೆಯಲ್ಲೇ ಇದ್ದರು, ಸತ್ಸಂಗ ಆರಂಭವಾದದ್ದೂ ಅಲ್ಲಿಯೇ. ಒಂದು ಸಂಜೆ ಗಂಡನ ಉತ್ತರಕ್ಕೆ ಕಾಮಾಕ್ಷಮ್ಮನವರು ತಮ್ಮದೊಂದು ಮಾತು ಸೇರಿಸಿದಾಗ, ಬಂದವರೆಲ್ಲ ತಲೆದೂಗಿದ್ದನ್ನು ಕಂಡು ನಂಜುಂಡಯ್ಯನವರಿಗೆ ತಡೆಯಲಾಗಲಿಲ್ಲ. "ಈ ಮನೇಲಿ ಹೆಂಗಸ್ರು ಮಣೆ ಮೇಲೆ ಕೂತು ಶಾಸ್ತ್ರ ಹೇಳೋ ಪದ್ಧತಿ ಇಲ್ಲ. ಒಳಗ್ ಹೋಗಮ್ಮ" ಎಂದುಬಿಟ್ಟರು. ಆಕೆ ಎದ್ದು ಒಳಗೆ ಹೋದರು. ಶ್ರೀಕಂಠಯ್ಯನವರು ತಮ್ಮನ್ನು ಸಾಕಿದ ಅಣ್ಣನಿಗೆ ಅಷ್ಟೂ ಜನರೆದುರು, "ನಿನಗೆ ಹೇಳೋಕೆ ತಿಳುವಳಿಕೆ ಇಲ್ಲ, ಕೇಳೋಕೆ ಯೋಗ್ಯತೆ ಇಲ್ಲ" ಎಂದರು. ಆ ವಾರವೇ ಬಸವನಗುಡಿಗೆ ಮನೆ ಬದಲಾಯಿಸಿದರು. ಅಲ್ಲಿಂದ ಹತ್ತು ಹನ್ನೆರಡು ವರ್ಷ, ಮಲ್ಲೇಶ್ವರಕ್ಕೂ ಬಸವನಗುಡಿಗೂ ನಡುವೆ ಬಸ್ಸುಗಳು ಓಡಾಡುತ್ತಿದ್ದವೇ ಹೊರತು ಅಣ್ಣತಮ್ಮಂದಿರು ಓಡಾಡಲಿಲ್ಲ. ಅಣ್ಣನ ಮಾತು ಬಂದಾಗಲೆಲ್ಲ ಶ್ರೀಕಂಠಯ್ಯನವರು, "ತಪ್ಪು ನನ್ನದೂ ಇದೆ. ತಪ್ಪಿಲ್ಲದವರು ಮೊದಲು ಬರಬೇಕು, ಅದು ನಿಯಮ" ಎಂದು ಪುಸ್ತಕದ ಕಡೆ ತಿರುಗುತ್ತಿದ್ದರು.

ಕಾಮಾಕ್ಷಮ್ಮನವರು ಯೋಚಿಸಿದರು. ಆ ಸಂಜೆಯ ಜಗಳದಲ್ಲಿ ತಪ್ಪೇ ಇಲ್ಲದವರು ಒಬ್ಬರಿದ್ದರು, ಅದು ತಾವು. ಹಾಗಾಗಿ ಹೋಗಬೇಕಾದವರೂ ತಾವೇ. ಗಂಡನಿಗೆ ಹೇಳಿದರೆ ಬೇಡವೆಂದಾರೆಂದು, ಗಾಂಧಿಬಜಾರಿಗೆ ಹೋಗಿ ಬರುತ್ತೇನೆಂದಷ್ಟೇ ಹೇಳಿ, ವಿಶಾಲುವನ್ನು ಜೊತೆ ಮಾಡಿಕೊಂಡು ಮಲ್ಲೇಶ್ವರದ ಬಸ್ಸು ಹತ್ತಿದರು.

ಅಲ್ಲಿ ನಡೆದದ್ದನ್ನು ವಿಶಾಲು ಈಗಲೂ ಅಭಿನಯಪೂರ್ವಕವಾಗಿ ಹೇಳುತ್ತಾಳೆ. ನಂಜುಂಡಯ್ಯನವರು ಜಗಲಿಯ ಆರಾಮಕುರ್ಚಿಯಲ್ಲಿದ್ದರು. ಅವರ ಹೆಂಡತಿ ಲಕ್ಷ್ಮೀದೇವಮ್ಮ ಬಾಗಿಲ ಹಿಂದೆ ಅರ್ಧ ಕಾಣುವಂತೆ ನಿಂತಿದ್ದರು. ಕಾಮಾಕ್ಷಮ್ಮನವರು ನಮಸ್ಕಾರ ಮಾಡಿ, "ಭಾವ, ನನ್ನನ್ನ ಕ್ಷಮಿಸ್ಬೇಕು. ಷಷ್ಟ್ಯಬ್ದಿಗೆ ನೀವೂ ಅಕ್ಕನೂ ಬಂದು ನಿಂತು ನಡೆಸ್ಕೊಡ್ಬೇಕು" ಎಂದರು. ನಂಜುಂಡಯ್ಯನವರು "ಕೊನೆಗೂ ನಿನ್ ತಪ್ಪು ನಿಂಗೆ ತಿಳೀತಲ್ಲಮ್ಮ, ಅಷ್ಟು ಸಾಕು. ದೊಡ್ಡೋರು ನಾವು, ಮನಸ್ಸಲ್ಲಿ ಇಟ್ಕೋಬಾರ್ದು. ಬರ್ತೀವಿ" ಎಂದು ಮನ್ನಿಸಿ, ಕಾಫಿ ಕೊಡಿಸಿದರು. ನಿಯಮದ ಪ್ರಕಾರ ಆಕೆ ತಮ್ಮ ನಿರ್ದೋಷಿತ್ವವನ್ನು ಸಾರಲು ಬಂದವರೆಂದು ಆ ಹಿರಿಯರಿಗೆ ತಿಳಿಯುವುದಾದರೂ ಹೇಗೆ? ಲಕ್ಷ್ಮೀದೇವಮ್ಮ ಕಾಫಿ ಕೊಡುವಾಗ ಕಾಮಾಕ್ಷಮ್ಮನವರ ಕೈಯನ್ನು ಒಂದು ಗಳಿಗೆ ಹಿಡಿದುಕೊಂಡರಂತೆ. ಅವರು ಆ ಮನೆಯಲ್ಲಿ ಮಾತಾಡಿದ್ದನ್ನು ಕೇಳಿದವರು ಕಡಿಮೆ.

ಮನೆಗೆ ಬಂದು ಕಾಮಾಕ್ಷಮ್ಮನವರು ಗಂಡನಿಗೆ ನಡೆದುದನ್ನೆಲ್ಲ ಹೇಳಿದರು. ಶ್ರೀಕಂಠಯ್ಯನವರು ಓದುತ್ತಿದ್ದ ಪುಸ್ತಕ ಮುಚ್ಚಿದರು, ಕನ್ನಡಕ ತೆಗೆದು ಗೂಡಿನಲ್ಲಿಟ್ಟರು, ಹೊರಗೆ ಹೋಗಿ ಜಗಲಿಯಲ್ಲಿ ಕೂತರು. ಮಾತಿಲ್ಲ. ಮಾರನೆಯ ದಿನವೂ ಮಾತಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಆ ಒಂದೇ ಕನ್ನಡಕ ಕೈಯಿಂದ ಕೈಗೆ ಹೋಗುವುದನ್ನು ಬಿಟ್ಟು ಗೂಡಿನ ಮಧ್ಯಸ್ಥಿಕೆಯಲ್ಲಿ ಓಡಾಡತೊಡಗಿತು. ಶನಿವಾರ ಇಬ್ಬರೂ ಮಣೆಯ ಮೇಲೆ ಕೂತರು, ಪ್ರಶ್ನೆಗಳಿಗೆ ಇಬ್ಬರೂ ಉತ್ತರ ಹೇಳಿದರು, ಆದರೆ ಉತ್ತರಗಳೆರಡೂ ಬೇರೆಬೇರೆ ಮನೆಗಳಿಂದ ಬಂದಂತಿದ್ದವು. ಸತ್ಸಂಗಿಗಳು ದಿಗಿಲುಗೊಂಡರು. ಹೆಡ್‌ಮಾಸ್ಟರರು ಹಾಲು ಉಕ್ಕಿಸಿದರು.

ನಾನು ಒಂದು ಸಂಜೆ ಶ್ರೀಕಂಠಯ್ಯನವರ ಜೊತೆ ಬ್ಯೂಗಲ್ ರಾಕಿನ ಕಡೆ ತಿರುಗಾಡಲು ಹೋದೆ. ಬಂಡೆಯ ಮೇಲೆ ಕೂತು ಅವರು ಹೇಳಿದರು: "ಅವಳು ನನಗೆ ಸುಳ್ಳು ಹೇಳಿ ಹೋಗಬೇಕಾಯ್ತಲ್ಲಪ್ಪ. ನಾನು ಅಂಥ ಗಂಡ ಆಗಿದ್ದೆ ಅಂತಾಯ್ತಲ್ಲ. ಅವಮಾನ ಆಗಿದ್ದು ಅವಳಿಗೆ, ಹೋಗಿ ಬಗ್ಗಿದ್ದೂ ಅವಳು. ತಪ್ಪೆಲ್ಲ ನನ್ನದು."

"ಹಾಗಾದ್ರೆ ಅಮ್ಮನವರ ಹತ್ರ ಒಂದು ಮಾತು..."

"ಹೇಗೆ ಕೇಳಲಿ? ನಾನು ಮೊದಲು ಕ್ಷಮೆ ಕೇಳಿದ್ರೆ ನನ್ನ ತಪ್ಪಿಲ್ಲ ಅಂತ ಅರ್ಥ ಆಗೋಲ್ವೆ? ಈ ವಿಷಯ ಅವಳಿಗೆ ಹೇಳಬೇಡ."

ಮನೆಗೆ ಬಂದೆ. ವಿಶಾಲು ಕಡಲೇಕಾಯಿ ಸುಲಿಯುತ್ತ ಕೂತಿದ್ದಳು. ಅವಳೂ ಅದೇ ಸಂಜೆ ಕಾಮಾಕ್ಷಮ್ಮನವರ ಹತ್ತಿರ ಮಾತಾಡಿಕೊಂಡು ಬಂದಿದ್ದಳು. "'ಇಷ್ಟು ವರ್ಷದಲ್ಲಿ ಅವ್ರಿಗೆ ಹೇಳದೆ ಒಂದ್ ಹೆಜ್ಜೆ ಇಟ್ಟೋಳಲ್ಲ, ಅಂಗಡಿಗೆ ಅಂತ ಸುಳ್ಳು ಹೇಳ್ಬಿಟ್ಟೆ, ತಪ್ಪೆಲ್ಲ ನಂದಮ್ಮ, ಅದಕ್ಕೇ ಬಾಯಿ ಬರ್ತಿಲ್ಲ' ಅಂದ್ರು. ಅವ್ರಿಗೆ ಹೇಳ್ಬೇಡ ಅಂದಿದಾರೆ" ಎಂದು ಹೇಳಿದಳು. ನಾನೂ ಬಂಡೆಯ ಮೇಲೆ ಕೇಳಿದ್ದನ್ನು ಹೇಳಿದೆ. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಆ ಮನೆಯಲ್ಲಿ ಇದ್ದವರು ಇಬ್ಬರೇ, ಇಬ್ಬರೂ ಅಪರಾಧಿಗಳು. ಕ್ಷಮೆ ಕೇಳುವ ಅರ್ಹತೆ ಪಡೆದ ನಿರ್ದೋಷಿ ಪ್ರಾಣಿಯೊಂದೂ ಅಲ್ಲಿ ಇರಲಿಲ್ಲ! ಜಗತ್ತಿನ ಬೇರೆ ಯಾವ ದಂಪತಿಗಳೂ, ತಲೆಕೆಳಗಾಗಿ ನಿಂತರೂ, ಇಂಥ ಸಂಕಟಕ್ಕೆ ಸಿಲುಕುವುದು ಅಸಾಧ್ಯ. ಇಲ್ಲಿ ತಪ್ಪು ಒಪ್ಪಿಕೊಳ್ಳಲು ಇಬ್ಬರೂ ಸಿದ್ಧ. ಅದಕ್ಕೇ ಇಬ್ಬರೂ ಮೂಕರು.

ನಗಬೇಕೆನಿಸಿದರೂ ನಗಲಾಗಲಿಲ್ಲ. ಷಷ್ಟ್ಯಬ್ದಿ ಹತ್ತಿರವಿತ್ತು. ಬಾಕಿಯಿಟ್ಟುಕೊಂಡು ಸಂಕಲ್ಪ ಮಾಡಬಾರದೆಂದು ಊರಿಗೆಲ್ಲ ಹೇಳಿದವರು ತಾವೇ ಬಾಕಿಯಿಟ್ಟುಕೊಂಡು ಮಣೆಯೇರಿದರೆ, ಅವರು ಅಷ್ಟು ವರ್ಷ ಹೇಳಿದ್ದೆಲ್ಲ ಗಾಳಿಮಾತಾಗುತ್ತಿತ್ತು. ಅದು ಬೇರೆ ಯಾರಿಗಿಂತ ಮೊದಲು ಅವರಿಗೇ ತಿಳಿಯುತ್ತಿತ್ತು. ಕೇಳುವವರು ಯಾರು? ಪ್ರಶ್ನೆ ಕೇಳುವ ಹಕ್ಕಿದ್ದವರು ಸ್ವತಃ ಕಾಮಾಕ್ಷಮ್ಮ. ನಾವು ಭಾಷೆ ಕೊಟ್ಟವರು, ಬಾಯಿ ಬಿಡುವಂತಿಲ್ಲ. ಅದಕ್ಕೇ ನಾವು ಯಾರಿಗೂ ಏನನ್ನೂ ಹೇಳಲಿಲ್ಲ. ಪದ್ಮತ್ತೆಗೆ ಮಾತ್ರ ಹೇಳಿದೆವು. ಹೇಳಬಾರದವರ ಪಟ್ಟಿಯಲ್ಲಿ ಪದ್ಮತ್ತೆಯ ಹೆಸರಿರಲಿಲ್ಲವಲ್ಲ.

ಆ ದಿನ ಬಂತು. ಚಪ್ಪರದ ತುಂಬ ಜನ. ಮುಂದಿನ ಸಾಲಿನ ಕುರ್ಚಿಯಲ್ಲಿ ಜರಿ ಪೇಟ, ಕೈಯಲ್ಲಿ ಬೆಳ್ಳಿ ಕಟ್ಟಿನ ಕೋಲು ಹಿಡಿದು ನಂಜುಂಡಯ್ಯನವರು ಕೂತಿದ್ದರು, ಮನ್ನಿಸಿದವರ ಗಾಂಭೀರ್ಯದಲ್ಲಿ. ಪಕ್ಕದಲ್ಲಿ ಲಕ್ಷ್ಮೀದೇವಮ್ಮ. ತಮ್ಮ ಬಂದು ನಮಸ್ಕರಿಸಿದಾಗ ಅಣ್ಣ ಹೂಂ ಎಂದರು, ಅಷ್ಟೇ. ದಂಪತಿಗಳು ಮಣೆಯ ಮೇಲೆ ಕೂತರು. ಕಾಮಾಕ್ಷಮ್ಮನವರು ಹಳದಿ ರೇಷ್ಮೆಯಲ್ಲಿ ಹೊಸ ಮದುವಣಗಿತ್ತಿಯಂತಿದ್ದರು, ಮುಖದಲ್ಲಿ ಮಾತ್ರ ಕಳೆಯಿರಲಿಲ್ಲ. ಪುರೋಹಿತರು ಅಕ್ಷತೆ ನೀರು ಕೈಗೆ ಕೊಟ್ಟು ಸಂಕಲ್ಪಕ್ಕೆ ಬಾಯಿ ತೆರೆದರು. ಇಬ್ಬರೂ ಮಣೆಯ ಒಂದೊಂದು ತುದಿಗೆ ಸರಿದು ಕೂತಿದ್ದುದನ್ನು ನಾನು, ಎಂದಿನಂತೆ ತಡವಾಗಿ ಬಂದು ಕಾಲಿನ ಬಳಿ ಕೂತವನು, ಸ್ಪಷ್ಟವಾಗಿ ಕಂಡೆ.

"ನಿಲ್ಸಿ ಭಟ್ರೆ!" ಎಂದು ಹಿಂದಿನಿಂದ ಕಂಠವೊಂದು ಮೊಳಗಿತು. ಪದ್ಮತ್ತೆ ಜನರ ನಡುವೆ ದಾರಿ ಮಾಡಿಕೊಂಡು ಮುಂದೆ ಬಂದಳು. "ಎಲ್ರ ಮನೇಲೂ ಕೇಳ್ತೀರಿ, ನಿಮ್ಮನೇಲಿ ಕೇಳೋರ್ ಯಾರೂ ಇಲ್ವಾ? ನಾನ್ ಕೇಳ್ತೀನಿ. ಶ್ರೀಕಂಠಯ್ಯನೋರೆ, ಕಾಮಾಕ್ಷಮ್ಮನೋರೆ, ನಿಮ್ಮಿಬ್ರಲ್ಲಿ ಏನಾದ್ರೂ ಬಾಕಿ ಇದ್ಯಾ?"

ವಾಲಗದವರು ಕೂಡ ಬಾಯಿಂದ ನಾಗಸ್ವರ ತೆಗೆದರು. ಇಲ್ಲ ಎಂದಿದ್ದರೆ ಆಗಿಹೋಗುತ್ತಿತ್ತು. ಆದರೆ ಶ್ರೀಕಂಠಯ್ಯನವರು ಕೈಯ ಅಕ್ಷತೆಯನ್ನು ತಟ್ಟೆಗೆ ಹಾಕಿ "ಇದೆ" ಎಂದರು. ಅದೇ ಉಸಿರಿನಲ್ಲಿ ಕಾಮಾಕ್ಷಮ್ಮನವರೂ "ಇದೆ" ಎಂದರು.

"ತಪ್ಪು ಯಾರ್ದು?"

"ನನ್ನದು" ಎಂದರು ಇವರು. "ಅಯ್ಯೋ ಅಲ್ಲ, ನಂದು" ಎಂದರು ಅವರು. ಇಬ್ಬರೂ ಒಬ್ಬರನ್ನೊಬ್ಬರು ಬೆರಗಿನಿಂದ ನೋಡಿದರು. ಇಷ್ಟು ದಿನ ಇನ್ನೊಬ್ಬರು ಕೋಪಿಸಿಕೊಂಡಿದ್ದಾರೆಂದೇ ಇಬ್ಬರೂ ತಿಳಿದಿದ್ದರಲ್ಲ!

"ಸರಿಹೋಯ್ತು" ಎಂದಳು ಪದ್ಮತ್ತೆ. "ಇಬ್ರೂ ತಪ್ಪು ಮಾಡ್ದೋರೇ ಆದ್ರೆ ನಿಮ್ ಶಾಸ್ತ್ರದ ಪ್ರಕಾರ ಕ್ಷಮೆ ಕೇಳೋರು ಯಾರು, ನಾನಾ? ಇಲ್ಲ ಈ ವಾಲಗದೋರಾ?"

ಚಪ್ಪರವೆಲ್ಲ ನಗೆಯಿಂದ ಅದುರಿತು. ನಗದೇ ಇದ್ದವರು ನಂಜುಂಡಯ್ಯನವರೊಬ್ಬರೇ. ಕೋಲು ನೆಲಕ್ಕೆ ಕುಟ್ಟಿ, "ಅದೇನದು ಶಾಸ್ತ್ರ? ನಂಗೂ ಯಾರಾದ್ರೂ ಹೇಳ್ರಪ್ಪ" ಎಂದರು. ಪಕ್ಕದಲ್ಲಿದ್ದ ಹೆಡ್‌ಮಾಸ್ಟರರು, ಪಾಠ ಹೇಳುವ ಅವಕಾಶ ಒದಗಿದ ಸಂತೋಷದಲ್ಲಿ, ಮುಂದಾಗುವುದನ್ನು ಎಣಿಸದೆ ನಿಯಮವನ್ನು ಸೋದಾಹರಣವಾಗಿ ವಿವರಿಸಿಬಿಟ್ಟರು. ನಂಜುಂಡಯ್ಯನವರ ಹುಬ್ಬು ಮೆಲ್ಲಮೆಲ್ಲನೆ ಮೇಲೇರಿತು. ಅವರು ಎದ್ದು ನಿಂತರು.

"ಅಂದ್ರೆ ಕಾಮಾಕ್ಷಿ, ಅವತ್ತು ನೀನು ನಮ್ಮನೆಗೆ ಬಂದು ಕ್ಷಮೆ ಕೇಳಿದ್ದು, ತಪ್ಪು ನನ್ನದು ಅಂತ ಹೇಳೋಕೇನಮ್ಮ?"

ನಗು ನಿಂತುಹೋಯಿತು. ಹತ್ತು ಹನ್ನೆರಡು ವರ್ಷಗಳ ಬಳಿಕ ಬಂದ ಅಣ್ಣ ಇನ್ನೊಂದು ಮಾತಿಗೆ ಹೊರಟುಹೋಗುವರೆಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಅಲ್ಲ ಎಂಬ ಎರಡಕ್ಷರ ಸಾಕಾಗಿತ್ತು. ಶ್ರೀಕಂಠಯ್ಯನವರು ಹೆಂಡತಿಯ ಮುಖ ನೋಡಿದರು. ಕಾಮಾಕ್ಷಮ್ಮನವರು ಎದ್ದು ನಿಂತು, ಕೈಮುಗಿದು, ಸ್ವಲ್ಪವೂ ಸ್ವರವೇರಿಸದೆ "ಹೌದು ಭಾವ" ಎಂದರು.

ನಂಜುಂಡಯ್ಯನವರು ಆಕೆಯನ್ನೇ ನೋಡುತ್ತ ನಿಂತರು. ಆಮೇಲೆ ಅವರ ಹೊಟ್ಟೆ ಕುಲುಕಿತು, ಆಮೇಲೆ ಭುಜ, ಕೊನೆಗೆ ನಗು ಬಾಯಿಗೆ ಬಂತು. "ಅಲ್ವೇ ಇವಳೇ, ನಂಗೆ ತಪ್ಪು ನಿಂದು ಅಂತ ಹೇಳೋಕೆ ಮನೆವರ್ಗೂ ಬಂದವಳಿಗೆ ನಾನು ಕಾಫಿ ಕೊಡ್ಸಿ ಕಳಿಸ್ದೆನಲ್ಲೇ!" ಎಂದು ಹೆಂಡತಿಯ ಕಡೆ ತಿರುಗಿ ಪೇಟ ಜಾರುವ ಹಾಗೆ ನಕ್ಕರು. ನಗುತ್ತ ನಗುತ್ತಲೇ ಅವರ ಕಣ್ಣು ತುಂಬಿತು. "ಇಷ್ಟು ವಯಸ್ಸಾಯ್ತು, ಬೈದ್ ಹೋದೋನು ಒಬ್ಬ ಇದಾನೆ, ತಪ್ಪು ನಿಂದು ಅಂತ ಸಮಾಧಾನವಾಗಿ ಮುಖ ನೋಡಿ ಹೇಳಿದೋರು ಒಬ್ರಿಲ್ಲ. ನೀನು ಹೇಳ್ದೆ, ಅದೂ ಕೈ ಮುಗ್ದು. ಕೂತ್ಕೋ ಮಣೆ ಮೇಲೆ. ನಿಮ್ ಸತ್ಸಂಗದಲ್ಲಿ ಎಲ್ರೂ ಪ್ರಶ್ನೆ ಕೇಳ್ತಾರಂತಲ್ಲ, ನಾನೂ ಒಂದು ಕೇಳ್ತೀನಿ. ಇಬ್ರೂ ತಪ್ಪು ಮಾಡಿದ್ರೆ ಮೊದ್ಲು ಏಳೋರು ಯಾರು? ಶ್ರೀಕಂಠ, ನೀನು ಸುಮ್ನಿರು. ಇವತ್ತು ಮೊದಲ್ನೇ ಉತ್ತರ ಅವಳ್ದು."

ಪುರೋಹಿತರು ಮುಹೂರ್ತ, ಮುಹೂರ್ತ ಎಂದು ಗೊಣಗಿದ್ದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ.

ಕಾಮಾಕ್ಷಮ್ಮನವರು ಮಣೆಯ ಮೇಲೆ ಕೂತರು. "ನಾವು ಹೇಳ್ತಿದ್ದ ನಿಯಮದಲ್ಲೇ ಒಂದು ಕೊರತೆ ಇತ್ತು ಭಾವ. ತಪ್ಪು ಯಾರ್ದು ಅಂತ ತೂಗ್ತಾ ಕೂತ್ರೆ, ಕೂತೇ ಇರ್ತೀವಿ. ಬೆಳಗ್ಗೆ ಎದ್ದಾಗ ಯಾರಿಗೆ ಮೊದ್ಲು, ಅಯ್ಯೋ ಇವ್ರು ಮಾತಾಡ್ಲಿಲ್ವಲ್ಲ ಅಂತ ಹೊಟ್ಟೇಲಿ ಸಂಕಟ ಆಗುತ್ತೋ, ಅವ್ರು ಏಳ್ಬೇಕು. ತಪ್ಪೋ ಸರಿಯೋ, ಆಮೇಲೆ ನೋಡ್ಕೋಬಹುದು."

ಎರಡನೆಯ ಉತ್ತರ ಶ್ರೀಕಂಠಯ್ಯನವರದು. ಅಂದು ಅದು ಹಿಮಾಲಯದಿಂದ ಹೊರಡಲಿಲ್ಲ. "ತಪ್ಪು ನನ್ನದು, ಅದಕ್ಕೇ ನಾನು ಬರೋ ಹಾಗಿಲ್ಲ ಅಂತ ಇಷ್ಟು ವರ್ಷ ಹೇಳ್ಕೊಂಡೆ ಅಣ್ಣ. ಕೇಳೋಕೆ ವಿನಯದ ಹಾಗಿತ್ತು. ವಿನಯ ಅಲ್ಲ ಅದು. ನಿಯಮದ ಮರೆಯಲ್ಲಿ ನನ್ನ ಅಹಂಕಾರ ಆರಾಮವಾಗಿ ಮಲಗಿತ್ತು" ಎಂದವರು ಮಣೆಯಿಂದ ಎದ್ದು, ಅಷ್ಟು ಜನರ ನಡುವೆ, ಅಣ್ಣನ ಕಾಲಿಗೆ ಉದ್ದಕ್ಕೆ ಬಿದ್ದರು.

"ಏಳೋ ಶ್ರೀಕಂಠ, ಏಳೋ. ಅರವತ್ತಾಯ್ತು, ಸೊಂಟ ಗಿಂಟ ಹಿಡ್ಕೊಂಡೀತು" ಎಂದು ನಂಜುಂಡಯ್ಯನವರು ಕೋಲು ಬಿಸಾಡಿ ತಮ್ಮನನ್ನು ಎತ್ತಲು ಬಗ್ಗಿದರು, ಅವರ ಸೊಂಟ ಹಿಡಿಯಿತು, ಇಬ್ಬರನ್ನೂ ನಾನೂ ಹೆಡ್‌ಮಾಸ್ಟರರೂ ಸೇರಿ ಎತ್ತಿದೆವು. ಶ್ರೀಕಂಠಯ್ಯನವರು ಮಣೆಗೆ ಮರಳಿ ಹೆಂಡತಿಯ ಕಡೆ ತಿರುಗಿದರು. ಇಬ್ಬರೂ ಏಕಕಾಲದಲ್ಲಿ "ಕ್ಷಮಿಸು" "ಕ್ಷಮ್ಸಿ" ಎಂದರು. ಯಾರು ಮೊದಲೆಂದು ಇಂದಿಗೂ ಇತ್ಯರ್ಥವಾಗಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದವರಲ್ಲೇ ಎರಡು ಪಂಥಗಳಿವೆ. ಪದ್ಮತ್ತೆ ಭಟ್ಟರ ಕಡೆ ನೋಡಿ, "ಇನ್ನೇನು ನೋಡ್ತೀರಿ, ಶುರು ಮಾಡಿ. ಕೋಸಂಬರಿ ನೀರು ಬಿಟ್ಕೊಳುತ್ತೆ" ಎಂದಳು.

ಆ ದಿನದ ಮಾಂಗಲ್ಯಧಾರಣೆಯಂಥದ್ದನ್ನು ನಾನು ಮತ್ತೆ ಕಂಡಿಲ್ಲ. ಗಟ್ಟಿಮೇಳ ಗಟ್ಟಿಮೇಳ ಎಂದು ಪುರೋಹಿತರಿಗಿಂತ ಮೊದಲು ಕೂಗಿದವರು ನಂಜುಂಡಯ್ಯನವರು. ವಾಲಗದವರು ತಡೆದಿಟ್ಟ ಉಸಿರನ್ನೆಲ್ಲ ಒಮ್ಮೆಲೇ ಬಿಟ್ಟರು. ಡೋಲಿನ ಸದ್ದಿಗೆ ಅಡ್ಡರಸ್ತೆಯ ಮನೆಗಳ ಬಾಗಿಲುಗಳೆಲ್ಲ ತೆರೆದುಕೊಂಡವು. ಕರೆಯದವರೂ ಅಕ್ಷತೆಗೆ ಕೈಯೊಡ್ಡಿದರು. ಶ್ರೀಕಂಠಯ್ಯನವರ ಅರವತ್ತರ ಬೆರಳುಗಳು ಗಂಟು ಹಾಕಲಾಗದೆ ಪರದಾಡಿದಾಗ, ಕಾಮಾಕ್ಷಮ್ಮನವರು ತಲೆ ಬಗ್ಗಿಸಿಕೊಂಡೇ "ಕನ್ನಡಕ ಹಾಕ್ಕೊಳ್ಳೀಂದ್ರೆ" ಎಂದದ್ದು ಕಾಲಿನ ಬಳಿಯಿದ್ದ ನನಗೆ ಮಾತ್ರ ಕೇಳಿಸಿತು. ಅಷ್ಟು ದಿನಗಳ ಮೌನದ ನಂತರ ಆಕೆ ಗಂಡನಿಗೆ ಹೇಳಿದ ಮೊದಲ ಮನೆಮಾತು ಅದು. ಅದಕ್ಕೆ ಸಮನಾದ ಮಂತ್ರ ನನಗೆ ಗೊತ್ತಿಲ್ಲ. ಅಕ್ಷತೆ ಹೇಗೆ ಸುರಿಯಿತೆಂದರೆ ವಾಲಗದವರ ಡೋಲಿನ ಮೇಲೂ ಒಂದು ಪದರ ನಿಂತಿತ್ತು. ಊಟದ ಪಂಕ್ತಿಯಲ್ಲಿ ಅಣ್ಣತಮ್ಮಂದಿರು ಪಕ್ಕಪಕ್ಕದ ಎಲೆಗಳಲ್ಲಿ ಕೂತು, ಹೋಳಿಗೆಗೆ ತುಪ್ಪ ಸಾಕೋ ಬೇಕೋ ಎಂಬ ವಿಷಯದಲ್ಲಿ ಆಗಲೇ ಹೊಸ ಜಗಳ ತೆಗೆದಿದ್ದರು.

ಓದುಗರೇ, ತಪ್ಪನ್ನು ಒಪ್ಪಿಕೊಳ್ಳುವುದು ಕಷ್ಟವೆಂದು ಎಲ್ಲರೂ ಹೇಳುತ್ತಾರೆ. ನನಗೇನೋ ಅದರಷ್ಟು ಸುಖವಾದದ್ದು ಬೇರೆ ಇಲ್ಲವೆನಿಸುತ್ತದೆ. ಒಪ್ಪಿಕೊಂಡು ಮನಸ್ಸಿನೊಳಗೇ ಇಟ್ಟುಕೊಂಡರೆ ಆಯಿತು, ಒಳ್ಳೆಯವರಾದ ತೃಪ್ತಿಯೂ ಸಿಕ್ಕಿತು, ಎದ್ದು ಹೋಗುವ ಶ್ರಮವೂ ತಪ್ಪಿತು. ಕಷ್ಟವಿರುವುದು ಎದ್ದು ಚಪ್ಪಲಿ ಮೆಟ್ಟಿ ಬಸ್ಸು ಹತ್ತುವುದರಲ್ಲಿ. ಕಾಮಾಕ್ಷಮ್ಮನವರು ನಮಗೆಲ್ಲ ಕಲಿಸಿದ್ದು ಕೊನೆಗೆ ಅದನ್ನೇ.

ಅದಾದ ಎರಡನೆಯ ಶನಿವಾರ ನಂಜುಂಡಯ್ಯನವರು ಹೆಂಡತಿಯೊಡನೆ ಮಲ್ಲೇಶ್ವರದಿಂದ ಸತ್ಸಂಗಕ್ಕೆ ಬಂದರು. ಪ್ರಶ್ನೆಯ ಹೊತ್ತು ಬಂದಾಗ ಯಥಾಪ್ರಕಾರ ಹೆಡ್‌ಮಾಸ್ಟರರು ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ಹಿಂದುಗಡೆ, ಗೋಡೆಗೆ ಒರಗಿ ಕೂತಿದ್ದ ಲಕ್ಷ್ಮೀದೇವಮ್ಮ, "ನಂದೊಂದು ಪ್ರಶ್ನೆ ಇದೆ" ಎಂದರು. ಎಲ್ಲರೂ ತಿರುಗಿ ನೋಡಿದರು. ನಂಜುಂಡಯ್ಯನವರು ಎದ್ದು, ಹೆಂಡತಿ ಮುಂದೆ ಬರಲೆಂದು ತಮ್ಮ ಜಾಗ ಬಿಟ್ಟುಕೊಟ್ಟು, ತಾವು ಹೋಗಿ ಗೋಡೆಗೆ ಒರಗಿ ಕೂತರು.